ಹಾಳೆಯ ಬೆನ್ನಿನ ಹಸಿರು

ಬೆಳಗ್ಗೆ ಅಪಾರ್ಟ್‌ಮೆಂಟಿನ ಕಾರ್ ಪಾರ್ಕಿಂಗಿನ ಬೀಮು ಕುಸಿದಿತ್ತು. ಅಡಿಯಲ್ಲಿ ಕಾವಲುಗಾರ ಸತ್ತು ಬಿದ್ದಿದ್ದ. ಕೈಯಲ್ಲಿ ಇನ್ನೂ ಪೊರಕೆ ಇತ್ತು.

ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ತಪ್ಪು ಯಾರದೆಂದು ಮಹಡಿಗಳವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ಸತ್ತವನದೇ. ಸತ್ತವನಷ್ಟು ಅನುಕೂಲದ ಆರೋಪಿ ಬೇರೆ ಯಾರಿದ್ದಾರೆ? ಎದುರಾಡುವುದಿಲ್ಲ.

"ಬೀಮಿಗೆ ಮೊಳೆ ಹೊಡೆದು ಬಟ್ಟೆ ಹಗ್ಗ ಕಟ್ಟಿದ್ದ ಮೇಡಂ. ಬೇಡ ಅಂತ ಬಾಯಿ ಬಡ್ಕೊಂಡಿದ್ವಿ," ಎಂದರು ನಿವಾಸಿಗಳ ಸಂಘದ ಕಾರ್ಯದರ್ಶಿ.

ಬೀಮುಗಳು ಹಿಂದೆಯೇ ಬಿರುಕು ಬಿಟ್ಟಿದ್ದವು. ಗಟ್ಟಿಯಾಗಲೆಂದು ಕಳೆದ ವರ್ಷ ಎಲ್ಲದರ ಅಡಿಗೂ ಕಾರ್ಬನ್ ಫೈಬರ್ ಹಾಳೆ ಅಂಟಿಸಿದ್ದರು. ಆ ಕಪ್ಪು ಹಾಳೆಯನ್ನು ಮೊಳೆ ಸೀಳಿತು, ಬೀಮು ಬಿತ್ತು ಎಂಬುದು ಅವರ ವಾದ.

ಕಾವಲುಗಾರನ ಹೆಂಡತಿ ಮೆಟ್ಟಿಲ ಕೆಳಗಿನ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು. ತಪ್ಪು ಗಂಡನದಾದರೆ ಕೋಣೆ ಬಿಡಬೇಕೆಂದು ಕಾರ್ಯದರ್ಶಿ ಆಗಲೇ ಹೇಳಿಯಾಗಿತ್ತು. ಹೆಣ ಇನ್ನೂ ಗೇಟು ದಾಟಿರಲಿಲ್ಲ.

"ಮೊಳೆ ಹೊಡೆದಿದ್ದು ನಿಜಾನಾ ಅಮ್ಮಾ?"

"ನಿಜ. ನಾನೇ ಹೇಳಿ ಹೊಡೆಸಿದ್ದು." ಅವಳು ಅಳಲಿಲ್ಲ. "ಹಾಗಾದ್ರೆ ನಾನೇ ಕೊಂದೆನಾ ಮೇಡಂ?"

ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿದಳು.

*

ಹಾಳೆ ಅಂಟಿಸುವ ಕೆಲಸದ ಯೋಜನೆ ಹಾಕಿದವನೂ ಗುತ್ತಿಗೆದಾರನನ್ನು ಗೊತ್ತುಮಾಡಿದವನೂ ಮೊದಲ ಮಹಡಿಯ ಎಂಜಿನಿಯರ್. ಬಾಗಿಲು ತೆರೆದವನೇ ತುಟಿಗೆ ಬೆರಳಿಟ್ಟ. ಒಳಗೆ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಿದ್ದರಂತೆ.

ಮೊಳೆಯೇ ಕಾರಣ ಎಂದ ಅವನೂ. ಅಂಟಿನಲ್ಲಿ ದೋಷವಿರಲು ಸಾಧ್ಯವೇ ಇಲ್ಲ.

"ಹಾಳೆ ಎಳೆದ್ರೆ ಕಾಂಕ್ರೀಟೇ ಕಿತ್ಕೊಂಡು ಬರಬೇಕು ಮೇಡಂ, ಅಂಟು ಬಿಡಲ್ಲ. ಹಾಳೆ ಮೇಲೆ ಲೋಹದ ಬಿಲ್ಲೆ ಅಂಟಿಸಿ ಎಳೆದು ಪರೀಕ್ಷೆ ಮಾಡಿಸಿದೀನಿ. ಎಲ್ಲೆಲ್ಲಿ ಎಳೀಬೇಕು ಅಂತ ಜಾಗ ಗುರುತು ಹಾಕಿದ್ದೂ ನಾನೇ."

ಗುತ್ತಿಗೆದಾರನ ಫೋನು ಸ್ವಿಚ್ ಆಫ್ ಆಗಿತ್ತು. ಕಳಪೆ ಮಾಲು ಹಾಕಿ ತಲೆಮರೆಸಿಕೊಂಡಿದ್ದಾನೆ ಎಂದೇ ಇನ್ಸ್‌ಪೆಕ್ಟರ್ ನಂಬಿದಳು. ಆದರೆ ಹಾಳೆಯೂ ಅಂಟೂ ಒಳ್ಳೆಯವೇ ಎಂದು ಪ್ರಯೋಗಾಲಯ ಹೇಳಿತು. ಸಿಕ್ಕಿಬಿದ್ದ ಮೇಲೆ ಅವನು ಎಂಜಿನಿಯರ್ ಕಡೆಗೇ ಬೆರಳು ತೋರಿಸಿದ. ಸಾಕ್ಷಿ ಕೇಳಿದರೆ ಕೈಚೆಲ್ಲಿದ. ಅಪ್ಪಣೆಯೆಲ್ಲ ಬಾಯಿಮಾತಿನದು.

ಅವಳು ಮತ್ತೆ ಅವಶೇಷದ ಬಳಿ ಹೋದಳು. ಬಿದ್ದ ಹಾಳೆಯನ್ನು ಪೊಲೀಸರಿಂದ ಮಗುಚಿಸಿದಳು. ಬಹಳ ಹೊತ್ತು ನೋಡಿದಳು.

*

"ಮೊಳೆ ತೂತು ಮೊಳೆಯಷ್ಟೇ ಇದೆ. ಹಾಳೆ ಎಲ್ಲೂ ಹರಿದಿಲ್ಲ. ಇಡಿಯಾಗಿ ಬಿಟ್ಟುಕೊಂಡಿದೆ," ಎಂದಳು ಎಂಜಿನಿಯರಿಗೆ, ಅವನಷ್ಟೇ ಮೆಲ್ಲಗೆ. "ಬೆನ್ನಿಗೆ ಕಾಂಕ್ರೀಟ್ ಅಂಟಿರಬೇಕಿತ್ತು, ನೀವೇ ಹೇಳಿದ್ರಿ. ಅಂಟಿರೋದು ಬೀಮಿನ ಹಳೇ ಹಸಿರು ಬಣ್ಣ. ಬಣ್ಣ ಉಜ್ಜಿ ತೆಗೀದೆ ಅದರ ಮೇಲೇ ಅಂಟಿಸಿದೀರಿ."

"ಗುತ್ತಿಗೆದಾರ ಮೋಸ ಮಾಡಿದ್ರೆ ನಾನೇನು ಮಾಡ್ಲಿ?"

"ಒಂದು ತುದಿಯಲ್ಲಿ ಮಾತ್ರ ಬಣ್ಣ ಉಜ್ಜಿದೆ. ಉಜ್ಜೋ ಗ್ರೈಂಡರ್ ಅಲ್ಲಿ ಮಾತ್ರ ಓಡಿದೆ. ನಿಮ್ಮ ಬಿಲ್ಲೆಗಳ ಗುರುತೆಲ್ಲ ಅಲ್ಲೇ ಇದೆ, ಬೇರೆಲ್ಲೂ ಒಂದೂ ಇಲ್ಲ. ಉಳಿದದ್ದು ನಿಲ್ಲಲ್ಲ ಅಂತ ಗೊತ್ತಿದ್ದವರು ಮಾತ್ರ ಹಾಗೆ ಜಾಗ ಆರಿಸ್ತಾರೆ. ಆರಿಸಿದ್ದು ನೀವು."

ಒಳಗಿನಿಂದ ಮುದುಕಿಯ ನರಳಿಕೆ ಕೇಳಿಸಿತು. ಅವನು ಗೋಡೆಗೆ ಒರಗಿದ.

"ಗ್ರೈಂಡರ್ ಸದ್ದಿಗೆ ಅಮ್ಮ ಕಿರುಚಿಕೊಂಡ್ರು. ತಡಕೊಳ್ಳಕ್ಕಾಗಲಿಲ್ಲ. ನಿಲ್ಲಿಸಿ, ಹಾಗೇ ಅಂಟಿಸಿ ಅಂದೆ. ಹೇಗೋ ನಿಲ್ಲುತ್ತೆ ಅಂದ್ಕೊಂಡೆ."

ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಎರಡರಿಂದಲೂ ಯಾರಿಗೂ ಪ್ರಯೋಜನವಿರಲಿಲ್ಲ.

*

ಉಳಿದ ಬೀಮುಗಳದೂ ಅದೇ ಕಥೆ. ಕಟ್ಟಡ ಖಾಲಿ ಮಾಡಿಸದೆ ಗತ್ಯಂತರವಿರಲಿಲ್ಲ. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಮಗ ಜೀಪಿನೊಳಗಿಂದ ನೋಡಿದ.

ಇನ್ಸ್‌ಪೆಕ್ಟರ್ ಮೆಟ್ಟಿಲ ಕೆಳಗಿನ ಕೋಣೆಗೆ ಹೋದಳು. ತಪ್ಪು ನಿನ್ನದಲ್ಲ, ನಿನ್ನ ಗಂಡನದೂ ಅಲ್ಲ ಎಂದಳು. ಕಾವಲುಗಾರನ ಹೆಂಡತಿಯ ಮುಖ ಒಂದು ಗಳಿಗೆ ಸಡಿಲವಾಯಿತು.

"ಹಾಗಾದ್ರೆ ಕೋಣೆ ಬಿಡಬೇಕಾಗಿಲ್ಲ ಅಲ್ವಾ?"

ಎಲ್ಲರೂ ಬಿಡಬೇಕಮ್ಮಾ ಎಂದಳು ಇನ್ಸ್‌ಪೆಕ್ಟರ್. ಕಟ್ಟಡಕ್ಕೆ ಬೀಗ ಹಾಕಿಸುವವಳು ಅವಳೇ.

ಹೆಂಗಸು ಹೊರಗೆ ಹೋಗಿ, ಇನ್ನೊಂದು ತುದಿಯಿಂದ ಇನ್ನೂ ಕಂಬಕ್ಕೆ ಜೋತಾಡುತ್ತಿದ್ದ ಬಟ್ಟೆ ಹಗ್ಗ ಬಿಚ್ಚಿ ತಂದಳು. ಅದರಲ್ಲೇ ಹಾಸಿಗೆ ಸುತ್ತಿ ಕಟ್ಟತೊಡಗಿದಳು.