ವೇದನಾದರ್ಶಕ ತೋರಿಸಿದ ಎದೆ

ಪರದೆಯ ಮೇಲಿನ ಮನುಷ್ಯಾಕೃತಿಯ ಎಡ ಎದೆ ಮೊದಲು ಹಳದಿಯಾಯಿತು, ಬಳಿಕ ಕೆಂಪಾಯಿತು. ಆ ಕೆಂಪು ನಿಧಾನವಾಗಿ ತೋಳಿಗೆ ಇಳಿದು ದವಡೆಗೂ ಹಬ್ಬಿತು. ಹಾಸಿಗೆಯ ಮೇಲಿದ್ದ ದುಂಡಪ್ಪ ಮಾತ್ರ ತಿರುಗುವ ಫ್ಯಾನನ್ನೇ ನೋಡುತ್ತಿದ್ದ.

ಬಾಗಲಕೋಟೆ ಕಡೆಯ ಆ ಆಸ್ಪತ್ರೆಗೆ ವೇದನಾದರ್ಶಕವೆಂಬ ಯಂತ್ರ ಬಂದು ಹೆಚ್ಚು ದಿನಗಳಾಗಿರಲಿಲ್ಲ. ನೋವು ನರಗಳಲ್ಲಿ ಅತಿ ಕ್ಷೀಣವಾದ ವಿದ್ಯುತ್ ಅಲೆಯಾಗಿ ಹರಿಯುತ್ತದೆ. ಮಣಿಕಟ್ಟಿಗೆ ಸುತ್ತಿದ ಪಟ್ಟಿಯೊಂದು ಆ ಅಲೆಯನ್ನು ಚರ್ಮದ ಮೂಲಕವೇ ಹಿಡಿದು, ದೇಹದ ಯಾವ ಭಾಗದಿಂದ ಬಂತೆಂದು ಲೆಕ್ಕಹಾಕಿ ಪರದೆಗೆ ಕಳಿಸುತ್ತಿತ್ತು. ಮಾತು ಬಾರದವರಿಗೆ, ವೈದ್ಯರ ಭಾಷೆ ತಿಳಿಯದವರಿಗೆ ತಪ್ಪು ಚಿಕಿತ್ಸೆ ಆಗಬಾರದೆಂದು ಜಾಹ್ನವಿ ಸಾಲಿಮಠ ಎಂಬ ವಿಜ್ಞಾನಿ ಅದನ್ನು ರೂಪಿಸಿದ್ದಳು. ನೇಕಾರ ದುಂಡಪ್ಪನಿಗೆ ಪಾರ್ಶ್ವವಾಯುವಿನಿಂದ ಬಲಗೈ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಪಟ್ಟಿಯನ್ನು ಆ ಕೈಗೇ ಕಟ್ಟಿದ್ದರು.

ಡಾಕ್ಟರ್ ಇಮ್ತಿಯಾಜ್ ಕಿತ್ತೂರ ಅವನನ್ನು ಕೆಳಗೆ ಕರೆದೊಯ್ದು ಹೃದಯದ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಎಲ್ಲವೂ ಸರಿಯಾಗಿದ್ದವು, ಅಲ್ಲಿ ಪರದೆಯೂ ಶುಭ್ರವಾಗಿತ್ತು. ವಾರ್ಡಿಗೆ ಮರಳಿದ ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪು.

"ಎದಿ ನೋಯ್ತದೇನ್ರಿ, ದುಂಡಪ್ಪನವರ?" ಡಾಕ್ಟರು ಬಗ್ಗಿ ಕೇಳಿದರು.

ಅವನು ಇಲ್ಲವೆಂದು ತಲೆಯಾಡಿಸಿದ.

"ಇವರು ಇಲ್ಲ ಅಂತಾರ, ನಿಮ್ಮ ಯಂತ್ರ ಹೌದು ಅಂತದ. ನಾ ಯಾರನ್ನ ನಂಬ್ಲಿ?" ಎಂದು ಡಾಕ್ಟರು ಪಕ್ಕದಲ್ಲಿದ್ದ ಜಾಹ್ನವಿಯತ್ತ ತಿರುಗಿದರು.

"ಮಿದುಳಿಗೆ ಪೆಟ್ಟಾದವರು ಪ್ರಶ್ನೆ ತಿಳೀದೆನೂ ತಲಿ ಆಡಸ್ತಾರ, ಸರ್," ಎಂದಳು ಜಾಹ್ನವಿ. ಹಾಗೆಂದರೂ ಅವಳಿಗೇ ಖಾತ್ರಿಯಿರಲಿಲ್ಲ.

ದುಂಡಪ್ಪ ಎಡಗೈ ಎತ್ತಿ ಪಕ್ಕದ ಸ್ಟೂಲಿನತ್ತ ತೋರಿಸಿದ. ಅಲ್ಲಿ ಅವನ ಹೆಂಡತಿ ಕಸ್ತೂರೆವ್ವ ಗಂಡನ ಬಿದ್ದ ಕೈಯನ್ನು ಹಿಡಿದು ತಿಕ್ಕುತ್ತ ಕೂತಿದ್ದಳು.

"ನಾ ಇಲ್ಲೇ ಅದೀನ್ರಿ, ಎಲ್ಲೂ ಹೋಗಂಗಿಲ್ಲ," ಎಂದು ಅವಳು ಸಮಾಧಾನ ಹೇಳಿದಳು. ಉಳಿದವರೂ ಅವನು ಹೆಂಡತಿಯನ್ನು ಬಿಟ್ಟಿರಲು ಹೆದರುತ್ತಿದ್ದಾನೆ ಎಂದುಕೊಂಡರು.

ಕೊನೆಗೆ ಡಾಕ್ಟರು ಹೃದಯದ ರಕ್ತನಾಳಕ್ಕೆ ಸಣ್ಣ ನಳಿಕೆ ತೂರಿಸಿ ನೋಡುವುದೆಂದು ನಿರ್ಧರಿಸಿದರು. ದುಂಡಪ್ಪನ ಸ್ಥಿತಿಯಲ್ಲಿ ಅದು ಜೀವಕ್ಕೇ ಅಪಾಯ. ಆದರೆ ಆ ಕೆಂಪನ್ನು ಕಂಡೂ ಸುಮ್ಮನಿರುವುದು ಹೇಗೆ?

ಟ್ರಾಲಿಯಲ್ಲಿ ಒಯ್ಯುವಾಗ ಲಿಫ್ಟಿನ ಬಾಗಿಲಲ್ಲಿ ಕಸ್ತೂರೆವ್ವ ಗಂಡನ ಕೈ ಬಿಟ್ಟಳು. ಟ್ರಾಲಿಗೆ ಸಿಕ್ಕಿಸಿದ್ದ ಪರದೆಯ ಕೆಂಪು ಮಾಯವಾಯಿತು. ಮನಸ್ಸು ತಡೆಯದೆ ಮತ್ತೆ ಹಿಡಿದಳು, ಕೆಂಪು ಬಂತು.

"ಸ್ವಲ್ಪ ನಿಲ್ರಿ," ಎಂದು ಜಾಹ್ನವಿ ಟ್ರಾಲಿಗೆ ಅಡ್ಡ ನಿಂತಳು. "ಅವ್ವಾ, ಕೈ ಬಿಡ್ರಿ. ಈಗ ಹಿಡೀರಿ."

ಬಿದ್ದ ಕೈಯ ನರಗಳು ದುರ್ಬಲವೆಂದು ಜಾಹ್ನವಿ ಪಟ್ಟಿಯ ಗ್ರಹಣಶಕ್ತಿಯನ್ನು ಹಲವು ಪಟ್ಟು ಏರಿಸಿದ್ದಳು. ಅಂಗೈಗೆ ಅಂಗೈ ತಾಗಿದಾಗ ಇನ್ನೊಂದು ದೇಹದ ಅಲೆಯೂ ಒಳಗೆ ನುಗ್ಗುತ್ತಿತ್ತು.

"ನಿಮಗ ಎದಿ ನೋಯಾಕತ್ತದೇನ್ರಿ?"

"ಇವರು ಬಿದ್ದಾಗಿಂದ ಒತ್ತಿದಂಗ ಆಗತೈತ್ರಿ, ಬಂದು ಹೋಗತೈತಿ. ಗ್ಯಾಸ್ ಇರಬೇಕು."

"ಯಾರಿಗೂ ಹೇಳಲಿಲ್ಲೇನು?"

"ಇವರಿಗೆ ಹೇಳಿದ್ನಿ," ಎಂದಳು ಕಸ್ತೂರೆವ್ವ.

ದುಂಡಪ್ಪ ಟ್ರಾಲಿಯ ಮೇಲೆ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟ. ಅವನ ಜಾಗದಲ್ಲಿ ಅವಳನ್ನು ಮಲಗಿಸಿ ಒಳಗೆ ಒಯ್ದರು. ರಕ್ತನಾಳವೊಂದು ಬಹುತೇಕ ಮುಚ್ಚಿಹೋಗಿತ್ತು. ಅದನ್ನು ತೆರೆದರು, ಅವಳು ಉಳಿದಳು.

ಜಾಹ್ನವಿ ಎಷ್ಟೋ ದಿನ ಗೊಂದಲದಲ್ಲೇ ಇದ್ದಳು. ಒಂದು ಜೀವ ಉಳಿಸಿದ್ದನ್ನು ದೋಷ ಎನ್ನುವುದೇ? ಹಾಗೆಯೇ ಬಿಟ್ಟರೆ ಇನ್ನೊಮ್ಮೆ ಯಾರ ನೋವಿಗೋ ಯಾರನ್ನೋ ಕೊಯ್ದಾರು. ಕೊನೆಗೆ ಸರಿಪಡಿಸಿದಳು. ಈಗ ಪಟ್ಟಿ ಕಟ್ಟಿಕೊಂಡವರ ನೋವನ್ನಷ್ಟೇ ಅದು ಹೇಳುತ್ತದೆ.

ಡಾಕ್ಟರ್ ಇಮ್ತಿಯಾಜ್ ಮಾತ್ರ ಒಂದು ಬೆಳಿಗ್ಗೆ, ರೋಗಿಗಳನ್ನು ನೋಡಿದ ಮೇಲೆ ಪಕ್ಕದಲ್ಲಿ ಕೂತವರತ್ತಲೂ ತಿರುಗಿ, "ನೀವು ಹೆಂಗದೀರಿ?" ಎಂದು ಕೇಳುತ್ತ ಹೋದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು, ವಾರ್ಡಿನಲ್ಲಿ ಹಾಸಿಗೆಗಳು ಸಾಲದಾದವು.