ಎಡಕ್ಕೆ ವಾಲಿದ ಫೋಟೋಗಳು

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಆದದ್ದನ್ನು ಆದ ಹಾಗೆ ಹೇಳ್ತೀನಿ.

ಭಾವ ತೀರಿಕೊಂಡ ಮೇಲೆ ಅಕ್ಕ ಅವರ ಕ್ಯಾಮೆರಾದ ಮೆಮೊರಿ ಕಾರ್ಡ್ ತಂದು, "ಹಾಳಾಗೋ ಮೊದಲು ಇನ್ನೊಂದು ಕಾರ್ಡಿಗೆ ಕಾಪಿ ಮಾಡಿಕೊಡೋ," ಅಂದಳು. ಇನ್ನೂರ ಹನ್ನೆರಡು ಫೋಟೋ, ಎಲ್ಲವೂ ಎಡಕ್ಕೆ ಚೂರು ವಾಲಿದವು. ಭಾವನ ಕೈಯೇ ಹಾಗೆ.

ಲಿನಕ್ಸ್ ಕಂಪ್ಯೂಟರಿನಲ್ಲಿ ಕಾರ್ಡ್ ನಕಲು ಮಾಡೋಕೆ ಒಂದೇ ಸಾಲಿನ ಕಮಾಂಡ್ ಸಾಕು: ಎಲ್ಲಿಂದ, ಎಲ್ಲಿಗೆ. ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋ ನಾನು ಅವತ್ತು ಎರಡನ್ನೂ ಅದಲು ಬದಲು ಬರೆದೆ. ಹೊಸ ಕಾರ್ಡಿನ ಖಾಲಿತನವೆಲ್ಲ ಹಳೆಯದರ ಮೇಲೆ ಕೂತುಬಿಟ್ಟಿತು. ಮತ್ತೆ ಓದಿಸಿದೆ. ಮೊದಲಿಂದ ಕೊನೆವರೆಗೆ ಬರೀ ಸೊನ್ನೆ. ಹೀಗೆ ಅಳಿಸಿಹೋದದ್ದು ದೇವರೇ ಬಂದರೂ ವಾಪಸ್ ಬರಲ್ಲ. ಅಷ್ಟು ಹೊತ್ತು ಓಡಿದ ಕಾರ್ಡ್ ಬಿಸಿಯಾಗಿರಬೇಕು. ಇದು ಮುಟ್ಟಿದರೆ ಮಂಜುಗಡ್ಡೆ ಥರ ಕೊರೆಯುತ್ತಿತ್ತು.

ಮಧ್ಯಾಹ್ನ ತಪ್ಪೊಪ್ಪಿಕೊಳ್ಳೋಣ ಅಂತ ಅಕ್ಕನ ಮನೆಗೆ ಹೋದೆ. ಅವಳು ಕುಡಿಯೋಕೆ ನೀರು ಕೊಟ್ಟಳು. ನಾನು ಬಾಯಿ ತೆರೆಯೋ ಮುಂಚೆಯೇ ನನ್ನ ಜೇಬಿನಿಂದ ಹಳೇ ಕಾರ್ಡ್ ಎತ್ತಿಕೊಂಡು ಕ್ಯಾಮೆರಾಕ್ಕೆ ಹಾಕಿದಳು.

"ಎಲ್ಲಾ ಇವೆ ಕಣೋ! ಮತ್ತೆ ನೀನ್ಯಾಕೆ ಇಂಗು ತಿಂದ ಮಂಗನ ಥರ ನಿಂತಿದ್ದೀಯ?"

ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ. ಆಮೇಲೆ ಮೂರು ಸಲ ಆ ಕಾರ್ಡನ್ನು ನನ್ನ ಕಂಪ್ಯೂಟರಿನಲ್ಲಿ ಓದಿಸಿದ್ದೀನಿ. ಮೂರು ಸಲವೂ ಬರೀ ಸೊನ್ನೆ, ಮೂರು ಸಲವೂ ಅದೇ ಕೊರೆಯೋ ತಂಪು. ಕ್ಯಾಮೆರಾದಲ್ಲಿ ಮಾತ್ರ ಇನ್ನೂರ ಹದಿಮೂರು ಫೋಟೋ ಇವೆ. ಕೊನೆಯದರಲ್ಲಿ ಅಕ್ಕ ನನಗೆ ನೀರಿನ ಲೋಟ ಕೊಡ್ತಿದ್ದಾಳೆ. ಆ ಹೊತ್ತಿಗೆ ಕಾರ್ಡ್ ಇನ್ನೂ ನನ್ನ ಜೇಬಿನಲ್ಲಿತ್ತು.

ಫೋಟೋ ಎಡಕ್ಕೆ ಚೂರು ವಾಲಿದೆ.