ಫ್ಲೆಕ್ಸ್ ಮ್ಯಾಲಿನ ಪೈಲಟ್

ಅವಲಕ್ಕಿ ಪೋಹೆ ತಾಟ ಹಿಡ್ಕೊಂಡ ಸ್ನೇಹಲ ಪಡಸಾಲಿಗೆ ಬಂದಾಗ, ಅಕಿನ್ನ ನೋಡಾಕ ಬಂದಿದ್ದ ಹುಡುಗ ತಲಿ ಎತ್ತಿದ. ಒಂದ ಸಲ, ಅಷ್ಟ. ಆದ್ರ ಅಷ್ಟಕ್ಕ ಅಕಿ ತಾಟ ಇಡೂದ ಮರತ ನಿಂತಬಿಟ್ಲು...

ಕಣ್ಣ ಚಲೋ ಅದಾವ, ಅಂದ್ಕೊಂಡ್ಲು.

ಅಷ್ಟರಾಗ ಹುಡುಗನ ಕಾಕಾ ಬಾಯಿ ತಗದ.

"ನಮ್ಮ ಸಂಜಯ ಏರ್‌ಫೋರ್ಸ್‌ನ್ಯಾಗ ಪೈಲಟ್ ಅದಾನ್ರಿ ಮುರಗೆಪ್ಪಣ್ಣ. ವಿಮಾನ ಸಾಲಾಗಿ ಕಸರತ್ತ ಮಾಡ್ತಾವಲ್ರಿ, ಆ ಟೀಮಿನ್ಯಾಗ. ಬೆಂಗಳೂರ ಏರ್ ಶೋದಾಗ ಜನರ ತಲಿ ಮ್ಯಾಲೇ ಆವಾಜಿನ ಗ್ವಾಡಿ ಒಡದಬಿಟ್ಟ. ಧಡ್ ಅಂತ. ಜನಾ ಚಪ್ಪಾಳಿ ಹೊಡದದ್ದ ಹೊಡದದ್ದ."

ಹಾರೂಗೇರಿ ಬಾಳಾಸಾಬ ಕಾಕಾ ಅಂದ್ರ ಸೈಲೆನ್ಸರ್ ಬಿಚ್ಚಿದ ಬುಲೆಟ್ ಗಾಡಿ ಇದ್ದಂಗ. ಬರೇ ಆವಾಜ.

ಸ್ನೇಹಲನ ಅಪ್ಪ ಮುರಗೆಪ್ಪ ಬಾಯಿ ತಕ್ಕೊಂಡ ಕುಂತಿದ್ದ. ದ್ರಾಕ್ಷಿಗೆ ಯಾವ ಔಷಧ ಹೊಡೀಬೇಕಂತ ಊರ ಮಂದೀನೆಲ್ಲಾ ಕೇಳಾಂವ, ಅಳಿಯಾನ ವಿಷಯದಾಗ ಒಬ್ಬರ್ನೂ ಕೇಳಲಿಲ್ಲ.

ಅಥಣಿಯಾಗ ಬಿಎಸ್ಸಿ ಓದಾಕತ್ತಿದ್ದ ಸ್ನೇಹಲಗ ಮಾತ್ರ ಮೈ ಉರೀತು. ಶೋದಾಗ ಜನರ ತಲಿ ಮ್ಯಾಲ ಆವಾಜಿಗಿಂತ ಫಾಸ್ಟ್ ಹಾರಾಕ ಪರ್ಮಿಷನ್ನ ಇರಂಗಿಲ್ಲ. ಹಾರಿದ್ರ ಕಿಟಕಿ ಗ್ಲಾಸ್ ಪುಡಿಪುಡಿ.

ಅಕಿ ಸಂಜಯನ ಕಡೆ ನೋಡಿದ್ಲು. ಈಗರ 'ಅಲ್ಲ' ಅಂತಾನೇನು...

ಅಂವ ಪೋಹೆದಾಗಿನ ಶೇಂಗಾ ಆರಿಸಿ ಆರಿಸಿ ತಿನ್ನಾಕತ್ತಿದ್ದ.

ಥೂ.

ಆಮ್ಯಾಲ ಹುಡುಗಾ ಹುಡುಗಿ ಮಾತಾಡ್ಲಿ ಅಂತ ಇಬ್ಬರ್ನೂ ಮನಿ ಹಿಂದಿನ ದ್ರಾಕ್ಷಿ ಬಳ್ಳಿ ಪಡಕ್ಕ ಕಳಿಸಿದ್ರು.

"ಎಷ್ಟ ಗ್ವಾಡಿ ಒಡದ್ರಿ ಇಲ್ಲೀತನಾ?" ಸ್ನೇಹಲ ಕೇಳಿದ್ಲು. "ನಮ್ಮ ಕಂಪೌಂಡ್ ಹಳೇದಾಗೈತಿ, ಅದನ್ನೂ ಒಡದ ಹೋಗ್ರಿ."

"ಅಲ್ರಿ, ಕಾಕಾ ಹೇಳಿದ್ದು... ನಾನು..."

"ಕಾಕಾ ಮಾತಾಡ್ತಾರ, ನೀವು ಶೇಂಗಾ ತಿಂತೀರಿ. ಚಲೋ ಜೋಡಿ. ಅವರನ್ನ ಮದವಿ ಆಗ್ರಿ."

ಅಂವ ಮತ್ತ ಬಾಯಿ ತಗಿಯೂದರಾಗ ಅಕಿ ಹೊಂಟಬಿಟ್ಟಿದ್ಲು. ಕಣ್ಣ ತುಂಬಿದ್ವು. ಅದಕ್ಕ ಇನ್ನಷ್ಟ ಸಿಟ್ಟ ಬಂತು. ಇಂಥಾ ಸುಳ್ಳನ ಸಲವಾಗಿ ಅಳೂದಾ?

"ಅಪ್ಪಾ, ನಾ ಒಲ್ಲೆ."

"ಪೈಲಟ್ ಒಲ್ಲೆ ಅಂದ್ರ ನಿನಗೇನ ರಾಕೆಟ್ ಬೇಕೇನ? ಸುಮ್ನಿರ."

ಸಾಖರಪುಡಾಕ್ಕ ದಿನಾ ಗೊತ್ತಾತು. ಹುಡುಗನ ಕಡೆಯವರು ಹುಡುಗಿ ಉಡಿಯಾಗ ಕಾಗದದಾಗ ಕಟ್ಟಿದ ಸಕ್ಕರಿ ಪುಡೆ ಹಾಕಿದ್ರ ಮುಗೀತು, ಲಗ್ನ ಪಕ್ಕಾ.

ಅದರ ಮುಂಚಿನ ದಿನ ಅವರೂರ ಐನಾಪುರದ ಬಸ್ ಸ್ಟ್ಯಾಂಡಿನ್ಯಾಗ ಫ್ಲೆಕ್ಸ್ ಎದ್ದಿತು. ಯಾವನೋ ಪೈಲಟ್‌ನ ಮೈಗೆ ಸಂಜಯನ ಮಾರಿ ಅಂಟಿಸಿದ್ರು, ಅದೂ ಸೊಟ್ಟ. ಕೆಳಗ 'ಶಬ್ದದ ಗೋಡೆ ಒಡೆದ ವೀರನಿಗೆ ಹಾರ್ದಿಕ ಶುಭಾಶಯಗಳು'. ವೀರನಕಿಂತ ದೊಡ್ಡದು ಕಾಕಾನ ಫೋಟೋ, ಕೂಲಿಂಗ್ ಗ್ಲಾಸ್ ಹಾಕ್ಕೊಂಡ, ಕೈ ಮುಗಕೊಂಡ.

"ಅವ್ವಯ್ಯ, ನಿನ್ನ ಗಂಡನ ಕುತಿಗಿ ಯಾರರ ರಿಪೇರಿ ಮಾಡ್ಸರಿ ಬೇ," ಅಂತ ಗೆಳತಿ ಸುಂದರಾ ಹೊಟ್ಟಿ ಹಿಡ್ಕೊಂಡ ನಕ್ಕಳು.

"ಗಂಡ ಅಲ್ಲ ಅಂವ," ಸ್ನೇಹಲ ಹಲ್ಲ ಕಡದ್ಲು. "ನಾಳೆ ಎಲ್ಲಾರ ಮುಂದ ಒಲ್ಲೆ ಅಂತೇನಿ. ನೋಡ್ತಿರ."

ಮರುದಿನ ಮಂಟಪದ ತುಂಬ ಜನಾ. ಕಾಕಾನ ಕೈಯಾಗ ಮೈಕ್ ಬ್ಯಾರೆ.

"ಲಗ್ನದ ದಿನಾ ನಮ್ಮ ಸಂಜಯನ ಟೀಮಿನ ವಿಮಾನ ಇದ ಮಂಟಪದ ಮ್ಯಾಲ ಹಾರ್ತಾವ ನೋಡ್ರಿ."

ಜನಾ ಸೀಟಿ ಹೊಡದ್ರು. ಸ್ನೇಹಲ ಮಾತಾಡಾಕ ತಯಾರಾದ್ಲು...

ಅಷ್ಟರಾಗ ಸಂಜಯ ಎದ್ದ ಮೈಕ್ ಇಸ್ಕೊಂಡ.

"ನಾ ಪೈಲಟ್ ಅಲ್ರಿ."

ಕಾಕಾ ಮೈಕ್ ಕಸ್ಕೊಳ್ಳಾಕ ಬಂದ್ರೂ ಅಂವ ಬಿಡಲಿಲ್ಲ.

"ಆ ವಿಮಾನದ ಹಿಂದ ಬಣ್ಣದ ಹೊಗಿ ಬರ್ತೈತಲ್ರಿ, ಅದರ ಎಣ್ಣಿ ತುಂಬತೇನಿ. ಟೆಕ್ನಿಷಿಯನ್. ಶೋದಾಗ ಯಾರೂ ಯಾವ ಗ್ವಾಡೀನೂ ಒಡಿಯಂಗಿಲ್ಲ. ಅಪ್ಪ ಹ್ವಾದ ಮ್ಯಾಲ ಕಾಕಾನೇ ನನ್ನ ಸಾಕಿದಾಂವ. ಅವನ ಮುಂದ ಬಾಯಿ ಏಳಲಿಲ್ಲ. ತಪ್ಪ ನಂದ."

ಈಗ ಸೀಟಿ ಹೊಡದವರೇ ನಗಾಕ ಹತ್ತಿದ್ರು.

"ಎಣ್ಣಿ ಹಾಕಾಂವಾ? ನಮ್ಮ ಪೆಟ್ರೋಲ್ ಪಂಪಿನ್ಯಾಗೂ ಹಾಕ್ತಾರಲ್ಲೋ."

ಮುರಗೆಪ್ಪನ ಮಾರಿ ಕರ್ರಗಾತು. "ಏಳ ಸ್ನೇಹಲ. ಮುಗೀತಿದು."

ಸ್ನೇಹಲ ಕುಂತಲ್ಲೇ ಕುಂತ್ಲು. ನಿನ್ನಿತನಾ ಅಸಹ್ಯ ಇದ್ದದ್ದು ಸಂಜಯನ ಮ್ಯಾಲ. ಈಗ ತನ್ನ ಮಂದಿ ಮ್ಯಾಲ.

"ಸುಳ್ಳಿಗೆ ಸೀಟಿ ಹೊಡದ್ರಿ, ಖರೇಕ್ಕ ಮೂಗ ಮುರೀತೀರಿ," ಅಂದ್ಲು. "ಅಪ್ಪಾ, ನಾ ಏಳಂಗಿಲ್ಲ."

ಬಾಜೂಕ ನಿಂತಿದ್ದ ಸಂಜಯಗ ಸಣ್ಣ ದನಿಲೆ ಕೇಳಿದ್ಲು, "ಅವತ್ತ ದ್ರಾಕ್ಷಿ ಪಡದಾಗ ಹೇಳಾಕ ಏನಾಗಿತ್ತ?"

"ನೀವು ಹೊಂಟ ಹೋದ್ರಿ. ಆಮ್ಯಾಲ ಅಂಜಿದ್ನಿ."

"ಕಾಕಾಗ?"

"ನಿಮಗ. ಅಷ್ಟ ಬೈಸ್ಕೊಂಡೂ ನಿಮ್ಮನ್ನ ಮತ್ತ ನೋಡಬೇಕ ಅನಸ್ತು. ಖರೇ ಹೇಳಿದ್ರ ನೋಡಾಕೂ ಸಿಗಂಗಿಲ್ಲ ಅಂತ... ನೀವಂದ್ರ ನನಗ ಭಾಳ ಇಷ್ಟರಿ."

ಅವನ ಅವ್ವ ಶಿವಗಂಗವ್ವ ಸಕ್ಕರಿ ಪುಡೆ ಹಿಡ್ಕೊಂಡ, ಹಾಕ್ಲೋ ಬ್ಯಾಡೋ ಅಂತ ನಿಂತಿದ್ಲು. ಸ್ನೇಹಲ ಸೆರಗ ಒಡ್ಡಿದ್ಲು.

"ಹಾಕ್ರಿ ಅತ್ತಿ."

ಮುರಗೆಪ್ಪ ಏಳಾಕ ಹ್ವಾದ. ಹೆಂಡತಿ ರುಕ್ಮವ್ವ ಅವನ ಅಂಗಿ ಹಿಡದ ಜಗ್ಗಿದ್ಲು. "ಕುಂದರ್ರಿ ಸುಮ್ನ. ನನ್ನ ನೋಡಾಕ ಬಂದಾಗ ನೀವರ ಯಾವ ಪೈಲಟ್ ಇದ್ರಿ?"

ಸಕ್ಕರಿ ಪುಡೆ ಉಡಿಯಾಗ ಬಿತ್ತು. ಸಂಜಯ ಅಕಿ ಬಾಜೂಕ ಬಂದ ಕುಂತ.

"ಅಂಜಿಕಿ ಹೋತೇನ್ರಿ ಈಗರ?"

"ಇಲ್ರಿ... ಇನ್ನೂ ಕೈ ನಡಗಾಕತ್ತಾವ."

"ಹಂಗಾರ ಇತ್ತ ತರ್ರಿ."

ಎಲ್ಲಾರೂ ನೋಡಾಕತ್ತಿದ್ರು. ನೋಡ್ಲಿ ಅಂತನ ಅಕಿ ಅವನ ಕೈ ಹಿಡದ್ಲು.